ಮುನಿಯಪ್ಪನವರ ಗೋಡೆಯ ಬೆಳಕು

ಮೊಬೈಲ್ ಬಂದದ್ದರಿಂದ ಬೆಂಗಳೂರಿನ ಹಳೆಯ ಸ್ಟುಡಿಯೋಗಳು ಮುಚ್ಚಿದವು ಎಂದು ಎಲ್ಲರೂ ಹೇಳುತ್ತಾರೆ. ಪತ್ರಿಕೆಗಳಲ್ಲಿ ಹಾಗೆ ಬರೆಯುತ್ತಾರೆ, ಸಭೆಗಳಲ್ಲಿ ಹಾಗೆ ಭಾಷಣ ಮಾಡುತ್ತಾರೆ. ಸ್ಟುಡಿಯೋ ಮುಚ್ಚಿದವರೂ ಬೇರೆ ಕಾರಣ ಹುಡುಕುವ ತೊಂದರೆ ಏಕೆಂದು ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ಕಳೆದ ತಿಂಗಳು ನಮ್ಮ ಬಡಾವಣೆಯ ಸಂಘದವರು ನನಗೆ ಪೇಟ ತೊಡಿಸಿ, ಶಾಲು ಹೊದಿಸಿ ಸನ್ಮಾನ ಮಾಡಿದಾಗಲೂ ಮುಖ್ಯ ಅತಿಥಿ ಈ ಮಾತನ್ನೇ ಆಡಿದ. ಆ ಮುಖ್ಯ ಅತಿಥಿ ಚಾಮರಾಜಪೇಟೆಯಲ್ಲಿ ನನ್ನ ಮನೆಗೆ ಎದುರಾಗಿಯೇ ಇರುವ ಮಂಜುನಾಥ. ಜಮೀನು, ಕಟ್ಟಡ, ರಾಜಕೀಯ ಮೂರರಲ್ಲೂ ಕೈಯಾಡಿಸಿರುವ ಮನುಷ್ಯ. ನನ್ನ ಸ್ಟುಡಿಯೋ ಏಕೆ ಮುಚ್ಚಿತೆಂಬುದು ನನಗೆಷ್ಟು ಗೊತ್ತೋ ಅವನಿಗೂ ಅಷ್ಟೇ ಗೊತ್ತು. ಆ ದಿನ ನಾನು ಕೊಟ್ಟ ಉತ್ತರಕ್ಕೆ ಏನು ಗತಿಯಾಯಿತೆಂದು ಕಡೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಕೆಲಸದ ಮಾತು.

ಈಗ ಮತ್ತಿಕೆರೆಯ ಬಾಡಿಗೆ ಕೋಣೆಗಳಲ್ಲಿ, ಶ್ರೀರಾಂಪುರದ ಮಹಡಿ ಮನೆಗಳಲ್ಲಿ ಹುಡುಗ ಹುಡುಗಿಯರು ಮನೆಯೊಳಗೇ ಸ್ಟುಡಿಯೋ ಮಾಡಿಕೊಳ್ಳುತ್ತಿದ್ದಾರೆ. ಕೇಕು, ಕಿವಿಯೋಲೆ, ತೊಟ್ಟಿಲ ಕೂಸು, ಎಲ್ಲವನ್ನೂ ತೆಗೆಯುತ್ತಾರೆ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದೆಂದು ಕೆಲವರು ನನ್ನ ಬಳಿಗೆ ಕೇಳಿಕೊಂಡು ಬರುವುದುಂಟು. ಯಾವ ಕ್ಯಾಮೆರಾ, ಯಾವ ದೀಪ ಎಂಬುದೇ ಅವರೆಲ್ಲರ ಮೊದಲ ಪ್ರಶ್ನೆ. ಕಿಟಕಿಯ ಹೊರಗೆ ಏನಿದೆ ಎಂದು ನಾನು ತಿರುಗಿ ಕೇಳಿದರೆ ಮುದುಕನಿಗೆ ಕಿವಿ ಮಂದವೆಂದುಕೊಂಡು ಮತ್ತೆ ಜೋರಾಗಿ ಕ್ಯಾಮೆರಾದ ಹೆಸರು ಹೇಳುತ್ತಾರೆ.

ನಾನು ಕೆಲಸ ಕಲಿತದ್ದು ಮಲ್ಲೇಶ್ವರದ ಒಂದು ಸ್ಟುಡಿಯೋದಲ್ಲಿ. ಅಲ್ಲಿನ ಯಜಮಾನರಿಗೆ ಉತ್ತರದ ಕಿಟಕಿ ಎಂದರೆ ದೇವರ ಮನೆಗೆ ಸಮಾನ. ಉತ್ತರದ ಕಿಟಕಿಗೆ ವರ್ಷದ ಯಾವ ದಿನವೂ ನೇರ ಬಿಸಿಲು ಬೀಳುವುದಿಲ್ಲ, ಆದ್ದರಿಂದ ಆ ಬೆಳಕೇ ಶ್ರೇಷ್ಠ ಎಂದು ಅವರು ಇಟ್ಟುಕೊಂಡಿದ್ದ ಇಂಗ್ಲಿಷ್ ಪುಸ್ತಕ ಹೇಳುತ್ತಿತ್ತು. ಶಾಲೆಯನ್ನು ಅರ್ಧಕ್ಕೆ ಬಿಟ್ಟವನಾದ ನಾನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಆ ಪುಸ್ತಕವನ್ನು ಓದಿದ್ದೆ. ಓದಿದಷ್ಟಕ್ಕೆ ನಂಬಿದ್ದರೆ ಸುಖವಾಗಿರುತ್ತಿತ್ತು. ಆದರೆ ಜೂನ್ ಬಂತೆಂದರೆ ಸಂಜೆಯ ಬಿಸಿಲು ಆ ಉತ್ತರದ ಕಿಟಕಿಯಿಂದಲೇ ಓರೆಯಾಗಿ ಒಳನುಗ್ಗಿ, ಕುರ್ಚಿಯಲ್ಲಿ ಕುಳಿತವರ ಮೂಗಿನ ಮೇಲೆ ಬೆಳ್ಳಗಿನ ಪಟ್ಟಿ ಎಳೆಯುತ್ತಿತ್ತು. ಪುಸ್ತಕ ಬರೆದವರ ದೇಶದಲ್ಲಿ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುವುದೇ ಇಲ್ಲ. ನಮ್ಮಲ್ಲಿ ಬೇಸಗೆಯ ಕೊನೆಯಿಂದ ಕೆಲವು ತಿಂಗಳು ಹೋಗುತ್ತಾನೆ. ಇದನ್ನು ಒಂದು ದಿನ ಯಜಮಾನರಿಗೆ ಹೇಳಿದೆ.

"ಯಾವ ಕಾಲೇಜಪ್ಪಾ ನಿಂದು?" ಎಂದರು.

"ಕಾಲೇಜಿಲ್ಲ ಸಾರ್. ಬಿಸಿಲು ಬರ್ತಿದೆ, ನೋಡಿ."

"ಪುಸ್ತಕ ಬರ್ದೋನು ಕುರುಡ, ನೀನೊಬ್ಬ ಕಣ್ಣಿರೋನು. ಹೋಗು, ಪರದೆ ಎಳಿ."

ಪರದೆ ಎಳೆದೆ. ಜೂನ್, ಜುಲೈ ಎರಡೂ ತಿಂಗಳು ಪರದೆ ಎಳೆದೇ ಇರುತ್ತಿತ್ತು, ಚಿತ್ರಗಳು ಮಸಿ ಬಳಿದಂತೆ ಬರುತ್ತಿದ್ದವು, ಮಳೆಗಾಲದಲ್ಲಿ ಗಿರಾಕಿಗಳು ಕಡಿಮೆ ಎಂದು ಯಜಮಾನರು ಬಂದವರೊಡನೆಲ್ಲ ಹೇಳುತ್ತಿದ್ದರು. ಅವರು ತೀರಿಕೊಳ್ಳುವವರೆಗೂ ಹಾಗೆಯೇ ಹೇಳಿದರೆಂದು ಕೇಳಿದ್ದೇನೆ. ನಾನು ಅಷ್ಟು ಹೊತ್ತಿಗೆ ಅಲ್ಲಿಂದ ಹೊರಬಿದ್ದಿದ್ದೆ.

ಅಂಗಡಿ ಹಿಡಿಯುವ ಶಕ್ತಿಯಿಲ್ಲದೆ ಚಾಮರಾಜಪೇಟೆಯ ಮನೆಯ ಮುಂಗೋಣೆಯನ್ನೇ ಸ್ಟುಡಿಯೋ ಮಾಡಿದೆ. ಕಿರಿದಾದ ಕೋಣೆ, ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟಿದಂತೆ ಅನಿಸುತ್ತಿತ್ತು. ಉತ್ತರಕ್ಕೆ ದೊಡ್ಡ ಕಿಟಕಿ, ಅದರಾಚೆ ಒಂದು ಸಂದಿ, ಸಂದಿಯ ಆಚೆಗೆ ಮುನಿಯಪ್ಪನವರ ಮನೆಯ ಪಕ್ಕದ ಗೋಡೆ. ಮುನಿಯಪ್ಪನವರು ಮಾರುಕಟ್ಟೆಯಲ್ಲಿ ತರಕಾರಿ ಮಂಡಿ ಇಟ್ಟಿದ್ದವರು. ಈ ಮಂಜುನಾಥ ಅವರ ಕಿರಿಯ ಮಗ.

ಆ ಸ್ಟುಡಿಯೋದ ಸಲಕರಣೆಗಳಲ್ಲಿ ಬಹುಪಾಲು ನನ್ನ ಹೆಂಡತಿ ನಾಗರತ್ನಳ ಅಡುಗೆ ಮನೆಯಿಂದಲೂ ಬಟ್ಟೆಯ ಪೆಟ್ಟಿಗೆಯಿಂದಲೂ ಬಂದವು. ಹಳೆಯ ತೆಳುವಾದ ಮಲ್ಲು ಪಂಚೆಯನ್ನು ಕಿಟಕಿಗೆ ಪರದೆಯಾಗಿ ಕಟ್ಟಿದೆ. ಕೆಲವು ದಿನಗಳಲ್ಲೇ ಅದನ್ನು ಬಿಚ್ಚಿ, ಕಿಟಕಿಯಿಂದ ದೂರಕ್ಕೆ, ಕುಳಿತವರ ಸಮೀಪಕ್ಕೆ ಹಗ್ಗದ ಮೇಲೆ ತೂಗುಬಿಟ್ಟೆ. ಬಟ್ಟೆ ಮುಖಕ್ಕೆ ಹತ್ತಿರವಾದಷ್ಟೂ ಬೆಳಕು ಮೃದುವಾಗುತ್ತದೆ. ಮುಖದ ಇನ್ನೊಂದು ಮಗ್ಗುಲಿನ ನೆರಳಿಗೆ ಬೆಳಕು ಎರಚಲು ಬಿಳಿ ಥರ್ಮಕೋಲ್ ಹಲಗೆ. ಕಿಟಕಿಯೇ ಮೊದಲನೆಯ ದೀಪ, ಎರಡನೆಯ ದೀಪಕ್ಕೆ ಇಡ್ಲಿ ಪಾತ್ರೆಯ ಮುಚ್ಚಳವೇ ಬೆಳಕು ತಿರುಗಿಸುವ ತಟ್ಟೆ. ಭಾನುವಾರ ಮನೆಯಲ್ಲಿ ಇಡ್ಲಿಯಾದರೆ ಸ್ಟುಡಿಯೋದಲ್ಲಿ ಎರಡನೆಯ ದೀಪವಿಲ್ಲ.

"ಗಿರಾಕಿ ಬಂದಿದಾರೆ, ಮುಚ್ಚಳ ಕೊಡು" ಎಂದು ನಾನು ಕೂಗಿದರೆ, "ಹಿಟ್ಟು ಅರ್ಧ ಬೆಂದಿದೆ. ಅವ್ರಿಗೂ ಎರಡು ಇಡ್ಲಿ ಕೊಡ್ತೀನಿ, ಕೂತ್ಕೊಳ್ಳೋಕ್ ಹೇಳಿ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಆ ಕೋಣೆಯಲ್ಲಿ ತೆಗೆದ ಮುಖಗಳು ಬಹಳ ಚೆನ್ನಾಗಿ ಬಂದವು. ಬಸವನಗುಡಿ, ಕುಮಾರ ಪಾರ್ಕ್‌ಗಳಿಂದಲೂ ಜನ ಹುಡುಕಿಕೊಂಡು ಬಂದರು. ಎಲ್ಲರೂ ಅದನ್ನು ಕೈಗುಣವೆಂದರು. ನಾನೂ ಕೆಲವು ಕಾಲ ಹಾಗೆಯೇ ನಂಬಿದ್ದೆ. ಆ ನಂಬಿಕೆ ತಪ್ಪೆಂದು ತೋರಿಸಿಕೊಟ್ಟದ್ದು ಬಣ್ಣದ ಫಿಲ್ಮು.

ಕಪ್ಪು ಬಿಳುಪಿನ ಕಾಲ ಮುಗಿದು ನಾನು ಬಣ್ಣಕ್ಕೆ ತಿರುಗಿದ ವರ್ಷವೇ ಮುನಿಯಪ್ಪನವರ ಮಗಳ ಮದುವೆ ಕೂಡಿಬಂತು. ಮದುವೆಯ ಮನೆಗೆ ಸುಣ್ಣ ಬಣ್ಣ ಆಯಿತು. ನಾನು ನನ್ನ ಹೊಸ ಫಿಲ್ಮಿನ ಚಿಂತೆಯಲ್ಲಿದ್ದೆ, ಎದುರು ಮನೆಯವರು ಯಾವ ಬಣ್ಣ ಬಳಿದರೆಂಬುದು ನನಗೆ ಸಂಬಂಧಿಸಿದ ವಿಷಯವೆಂದು ತೋರಲಿಲ್ಲ.

ಆಗ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಗಂಡಿನ ಮನೆಗೆ ಹುಡುಗಿಯ ಫೋಟೋ ಹೋಗಬೇಕಿತ್ತು. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಅಂಥ ಹುಡುಗಿಯರೇ. ಶ್ರೀರಾಂಪುರದಿಂದ ಒಬ್ಬ ಮಿಲ್ ಕಾರ್ಮಿಕರು ಮಗಳನ್ನು ಕರೆತಂದು ಬಣ್ಣದ ಫೋಟೋ ತೆಗೆಸಿ ಕಳಿಸಿದ್ದರು. ಹದಿನೈದು ದಿನಕ್ಕೆ ಮರಳಿ ಬಂದರು. ಫೋಟೋವನ್ನು ನನ್ನ ಮುಖದ ಮುಂದೆ ಹಿಡಿದರು.

"ಏನ್ರೀ ಇದು? ಹುಡುಗಿಗೆ ಕಾಮಾಲೆ ಇದೆಯಾ ಅಂತ ಕೇಳಿ ಕಳ್ಸಿದಾರೆ ಅವ್ರು! ಚೆನ್ನಾಗಿರೋ ಮಗಳನ್ನ ಸೌತೆಕಾಯಿ ಮಾಡಿ ಕೊಟ್ಟಿದೀರಲ್ರೀ!"

ನೋಡಿದೆ. ಕೆನ್ನೆಯ ಒಂದು ಪಕ್ಕ ಹಸಿರು, ಗದ್ದದ ಕೆಳಗೆ ಕೆಂಪು. ಸಂಬಂಧ ತಪ್ಪಿಹೋಗಿತ್ತು. ಆ ಹುಡುಗಿ ತಂದೆಯ ಹಿಂದೆ ನಿಂತು ನನ್ನನ್ನು ನೋಡದೆ ಕಿಟಕಿಯ ಕಡೆ ನೋಡುತ್ತಿದ್ದಳು. ಇಷ್ಟು ವರ್ಷಗಳಾದರೂ ಆ ಮುಖ ನೆನಪಿದೆ.

ಕಾರಣ ಕೇಳಲು ಹೊರಟರೆ ಒಬ್ಬೊಬ್ಬರದೂ ಒಂದೊಂದು ತೀರ್ಮಾನ. ಲ್ಯಾಬಿನವರು ಫಿಲ್ಮ್ ಸರಿಯಿಲ್ಲ ಎಂದರು. ಫಿಲ್ಮ್ ಮಾರುವವನು ಲ್ಯಾಬಿನ ರಾಸಾಯನಿಕ ಹಳಸಿದೆ ಎಂದ, ಆಮೇಲೆ ದನಿ ತಗ್ಗಿಸಿ, "ಫ್ಲಾಶ್ ತಗೊಳ್ಳಿ ಸಾರ್, ಕಿಟಕಿ ಕಾಲ ಮುಗೀತು" ಎಂದು ತನ್ನ ಪೆಟ್ಟಿಗೆ ತೆರೆದ. ಹಳೆಯ ಯಜಮಾನರಿಗೆ ಸುದ್ದಿ ಮುಟ್ಟಿ, ಪುಸ್ತಕವನ್ನು ಅಲ್ಲಗಳೆದವನಿಗೆ ಆಗಬೇಕಾದದ್ದೇ ಆಯಿತು ಎಂದರಂತೆ. ಫ್ಲಾಶ್ ಕೊಂಡೆ. ಮುಖದ ನಡುಭಾಗ ಬಿಳುಚಿಕೊಂಡಿತು, ನೆರಳಿನ ಪಕ್ಕ ಹಸಿರಾಗಿಯೇ ಉಳಿಯಿತು.

ಕಾರಣ ಗೊತ್ತಾದದ್ದು ನಾಗರತ್ನ ಕಿಟಕಿಯ ಬಳಿ ಕೂತು ಅಕ್ಕಿ ಆರಿಸುತ್ತಿದ್ದಾಗ. ಮೊರವನ್ನು ಅತ್ತ ಇತ್ತ ವಾಲಿಸಿ ನೋಡಿ, "ರೀ, ಈ ಅಕ್ಕಿ ಯಾಕೆ ಹಸಿರಾಗ್ ಕಾಣ್ತಿದೆ?" ಎಂದಳು. ಮೊರವನ್ನು ಹಿತ್ತಲಿಗೆ ಒಯ್ದರೆ ಅಕ್ಕಿ ಬಿಳಿ. ಕಿಟಕಿಗೆ ತಂದರೆ ಹಸಿರು. ತಲೆ ಎತ್ತಿ ನೋಡಿದೆ. ಸಂದಿಯ ಆಚೆಗೆ ಮುನಿಯಪ್ಪನವರ ಗೋಡೆ ಗಿಳಿಹಸಿರು ಬಣ್ಣದಲ್ಲಿ ಬಿಸಿಲಿಗೆ ಹೊಳೆಯುತ್ತಿತ್ತು.

ಅಂದು ನನಗೆ ಅರ್ಥವಾದದ್ದು ಇಷ್ಟು. ನನ್ನ ಕೋಣೆಯಲ್ಲಿ ಉತ್ತರದ ಬೆಳಕೆಂಬುದು ಇರಲೇ ಇಲ್ಲ. ಸಂದಿ ಇಕ್ಕಟ್ಟಾದುದು, ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು. ಎದುರಿನ ಗೋಡೆ ದಕ್ಷಿಣಕ್ಕೆ ಮುಖ ಮಾಡಿತ್ತು. ವರ್ಷದ ಹೆಚ್ಚಿನ ದಿನಗಳಲ್ಲಿ ಬಿಸಿಲು ಅದರ ಮೇಲೆ ಬಿದ್ದು, ಅಲ್ಲಿಂದ ಮೆತ್ತಗಾಗಿ ನನ್ನ ಕಿಟಕಿಗೆ ಬರುತ್ತಿತ್ತು. ಜನ ಮೆಚ್ಚಿದ ನನ್ನ ಕೈಗುಣ ಮುನಿಯಪ್ಪನವರ ಗೋಡೆಗಿದ್ದ ಹಳೆಯ ಬಿಳಿ ಸುಣ್ಣದ ಗುಣ. ಗದ್ದದ ಕೆಂಪಿಗೆ ನಮ್ಮ ಕೆಂಪು ಗಾರೆ ನೆಲವೇ ಕಾರಣ. ಅದನ್ನು ಬಿಳಿ ಹಾಸು ಹೊದಿಸಿ ಅಂದೇ ಸರಿಪಡಿಸಿದೆ. ಗೋಡೆ ನನ್ನದಲ್ಲವಲ್ಲ. ಮುನಿಯಪ್ಪನವರ ಹತ್ತಿರ ಹೋದೆ.

"ಮುನಿಯಪ್ಪನೋರೆ, ಆ ಪಕ್ಕದ ಗೋಡೆಗೆ ಮಾತ್ರ ಸುಣ್ಣ ಹೊಡೆಸ್ತೀನಿ. ಖರ್ಚು ನಂದು."

ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಯಾಕ್ ಸ್ವಾಮಿ, ಬಣ್ಣ ಚೆನ್ನಾಗಿಲ್ವಾ?"

"ಚೆನ್ನಾಗಿದೆ. ನನ್ನ ಗಿರಾಕಿಗಳ ಮುಖಕ್ಕೆ ಹತ್ಕೊಳ್ತಿದೆ."

"ನಮ್ ಗೋಡೆ ಬಣ್ಣ ಅಲ್ಲಿ ಕೂತಿರೋರ್ ಮುಖಕ್ಕೆ ಹತ್ಕೊಳ್ತದಾ? ಲೇ ಲಕ್ಷ್ಮಮ್ಮಾ, ಬಾ ಇಲ್ಲಿ, ಫೋಟೋ ಸ್ವಾಮಿ ಏನ್ ಹೇಳ್ತವ್ರೆ ಕೇಳು!"

ಅವರ ಹೆಂಡತಿ ಲಕ್ಷ್ಮಮ್ಮ ಬಂದರು. ನಾನು ಇಬ್ಬರನ್ನೂ ನಮ್ಮ ಕಿಟಕಿಯ ಬಳಿಗೆ ಕರೆತಂದು ಮೊರದ ಅಕ್ಕಿಯನ್ನು ತೋರಿಸಿದೆ. ಆಕೆ ಅಕ್ಕಿಯನ್ನೂ ಗೋಡೆಯನ್ನೂ ನೋಡಿ, "ನಿಜ ಕಣ್ರೀ, ಪಾಪ" ಎಂದರು. ಆದರೂ ಮಗಳ ಮದುವೆಗೆ ಬಳಿದ ಬಣ್ಣವನ್ನು ವರ್ಷ ತುಂಬುವ ಮೊದಲೇ ಅಳಿಸುವುದು ಶುಭವಲ್ಲವೆಂದು ದಂಪತಿಗಳಿಬ್ಬರೂ ಹೇಳಿದರು. ಹಾಗಾಗಿ ಆ ವರ್ಷವೆಲ್ಲ ನಾನು ಅವರ ಅಪ್ಪಣೆ ಪಡೆದು ಅವರ ಮಾಳಿಗೆಯಿಂದ ಬಿಳಿಯ ಹಾಸುಗಳನ್ನು ಗೋಡೆಯುದ್ದಕ್ಕೂ ಇಳಿಬಿಟ್ಟು ಕೆಲಸ ಮಾಡಿದೆ. "ಏನ್ ಸ್ವಾಮಿ, ಸ್ಟುಡಿಯೋ ಬಿಟ್ಟು ಲಾಂಡ್ರಿ ಇಟ್ರಾ?" ಎಂದು ಮುನಿಯಪ್ಪನವರು ಮಂಡಿಯಿಂದ ಬರುವಾಗಲೆಲ್ಲ ಕೇಳುತ್ತಿದ್ದರು.

ಮುಂದಿನ ಯುಗಾದಿಗೆ ಸುಣ್ಣ ಬಿತ್ತು. ಏಣಿ ಹತ್ತಿ ನಾನೇ ಬಳಿದೆ. ನೀಲಿ ಬೆರೆಸದ ಸುಣ್ಣ. "ನೀಲಿ ಹಾಕ್ದೆ ಇದ್ರೆ ಮನೆಗೆ ಕಳೆ ಎಲ್ಲಿಂದ ಬತ್ತದೆ ಸ್ವಾಮಿ?" ಎಂದು ಮುನಿಯಪ್ಪನವರು ಗೊಣಗಿದರು, ಆದರೆ ತಡೆಯಲಿಲ್ಲ. ಮುಂದೆ ಊರೆಲ್ಲ ಹೊಳೆಯುವ ಪೇಂಟಿಗೆ ತಿರುಗಿದಾಗಲೂ ಆ ಒಂದು ಗೋಡೆಗೆ ಸುಣ್ಣವೇ. ಹೊಳೆಯುವ ಬಣ್ಣ ಬೆಳಕನ್ನು ಕನ್ನಡಿಯಂತೆ ಎಸೆಯುತ್ತದೆ, ಸುಣ್ಣ ಹರಡುತ್ತದೆ. ಪ್ರತಿ ಯುಗಾದಿಗೆ ಗೋಡೆಯ ಸುಣ್ಣ ನನ್ನದು, ಅದಕ್ಕೆ ಪ್ರತಿಯಾಗಿ ಅವರ ಮನೆಮಂದಿಯ ಫೋಟೋ ಒಂದು. ಬಾಯಿಮಾತಿನ ಒಪ್ಪಂದ, ಬಹಳ ವರ್ಷ ನಡೆಯಿತು.

ಆ ಗೋಡೆಗೆ ಬಿಸಿಲು ಚೆನ್ನಾಗಿ ಬೀಳುತ್ತಿದ್ದುದರಿಂದ ಲಕ್ಷ್ಮಮ್ಮನವರು ಸೀರೆ ಒಣಹಾಕುತ್ತಿದ್ದುದೂ ಅಲ್ಲಿಯೇ. ಕೆಂಪು ಸೀರೆ ಬಿದ್ದಿದ್ದರೆ ನನ್ನ ಗಿರಾಕಿಯ ಮುಖ ಕೆಂಪು. ಆದ್ದರಿಂದ ಯಾರೇ ಬಂದು ಕುರ್ಚಿಯಲ್ಲಿ ಕುಳಿತರೂ ನಾಗರತ್ನ ಕಿಟಕಿಯ ಬಳಿ ಹೋಗಿ ಕೂಗುತ್ತಿದ್ದಳು.

"ಲಕ್ಷ್ಮಮ್ಮೋ, ಸೀರೆ ತೆಗೀರಿ!"

"ಬಂದೆ ರತ್ನಮ್ಮ! ಯಾರ್ ಬಂದವ್ರೆ? ಹುಡ್ಗೀನಾ?"

"ಹೂಂ, ಹುಡ್ಗಿ!"

"ಹಂಗಾದ್ರೆ ಲಂಗಾನೂ ತೆಗೀತೀನಿ ತಡೀರಿ!"

ಕುರ್ಚಿಯಲ್ಲಿ ಸೆಟೆದು ಕೂತಿದ್ದ ಹುಡುಗಿ ಇದನ್ನು ಕೇಳಿ ನಕ್ಕುಬಿಡುತ್ತಿದ್ದಳು. ಆ ನಗು ಮುಖದಿಂದ ಇಳಿಯುವ ಮೊದಲೇ ನಾನು ಗುಂಡಿ ಒತ್ತುತ್ತಿದ್ದೆ. ನನ್ನ ಕೆಲಸದ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಗಲಿಲ್ಲ, ಅದು ನನ್ನ ಉಪಾಯವೂ ಅಲ್ಲ.

ಡಿಜಿಟಲ್ ಬಂತು, ಕಲಿತೆ. ಮೊಬೈಲೂ ಬಂತು. ಮೊಬೈಲಿನಲ್ಲಿ ಸಾವಿರ ಚಿತ್ರ ತೆಗೆದ ತಾಯಂದಿರೇ ಕೂಸಿನ ಒಂದು ಒಳ್ಳೆಯ ಚಿತ್ರಕ್ಕಾಗಿ ನನ್ನ ಮೆಟ್ಟಿಲು ಹತ್ತುತ್ತಿದ್ದರು. ಇದನ್ನು ಯಾವ ಭಾಷಣಕಾರನೂ ಹೇಳುವುದಿಲ್ಲ. ನನ್ನ ಕಣ್ಣಾರೆ ಕಂಡದ್ದಕ್ಕಿಂತ ಅವರ ಕಿವಿಗೆ ಬಿದ್ದ ಗಾಳಿಮಾತು ಹೆಚ್ಚಿನ ಬೆಲೆಯದೆಂದು ನಾನು ಒಪ್ಪಲಾರೆ.

ಮುನಿಯಪ್ಪನವರು ತೀರಿಕೊಂಡ ಮೇಲೆ ಮಂಜುನಾಥ ಹಳೆಯ ಮನೆ ಕೆಡವಿ ಮಹಡಿಗಳನ್ನು ಎಬ್ಬಿಸತೊಡಗಿದ. ತಳಪಾಯ ತೋಡುವ ದಿನವೇ ಹೋಗಿ ಕೇಳಿದೆ.

"ಮಂಜು, ಕಟ್ಟಡ ಎಷ್ಟಾದ್ರೂ ಎತ್ತರ ಕಟ್ಕೋ. ನಮ್ಮ ಕಡೆ ಗೋಡೆ ಬಿಳಿ ಇರ್ಲಿ. ಮುಂಚಿನ ಹಾಗೆ ನಾನೇ ಸುಣ್ಣ ಹೊಡೆಸ್ತೀನಿ."

"ಅಂಕಲ್, ಅಪ್ಪನ ಮಾತು ನನ್ ಮಾತು. ಬಿಳೀನೇ. ನೀವು ಟೆನ್ಷನ್ ತಗೋಬೇಡಿ."

ಕಟ್ಟಡ ಮುಗಿಯುವ ಹೊತ್ತಿಗೆ ಲಾರಿಯಲ್ಲಿ ಗ್ರಾನೈಟ್ ಬಂತು. ಕಪ್ಪೆಂದೇ ಹೇಳಬೇಕಾದ ಬೂದು ಬಣ್ಣ. ಕಟ್ಟಡದ ಮುಂಭಾಗಕ್ಕಿರಬೇಕೆಂದು ಸಮಾಧಾನ ಮಾಡಿಕೊಂಡೆ. ನನ್ನ ಕಿಟಕಿಯ ಎದುರಿಗೂ ಕೆಳಗಿನಿಂದ ಮೇಲಿನವರೆಗೆ ಅದನ್ನೇ ಹಚ್ಚಿದರು. ಓಡಿಹೋಗಿ ಕೇಳಿದರೆ, "ಆರ್ಕಿಟೆಕ್ಟ್ ಕೇಳ್ಲಿಲ್ಲ ಅಂಕಲ್. ಎಲಿವೇಷನ್ ನಾಕೂ ಕಡೆ ಒಂದೇ ಥರ ಇರ್ಬೇಕಂತೆ" ಎಂದ. ನಾಲ್ಕೂ ಕಡೆ ನಿಂತು ಆ ಕಟ್ಟಡವನ್ನು ನೋಡುವವರು ಯಾರಿದ್ದಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಸಂದಿಯಲ್ಲಿ ನಿಂತು ಅದನ್ನು ನೋಡುವವರು ನಾನು, ನಾಗರತ್ನ ಇಬ್ಬರೇ.

ಹಗಲಿನಲ್ಲೂ ಕೋಣೆ ಸಂಜೆಯಂತಾಯಿತು. ದೊಡ್ಡ ಎಲ್‌ಇಡಿ ದೀಪಗಳನ್ನು ತಂದೆ. ಅಂಥ ದೀಪಕ್ಕೆ ಹಿಂದೆ ಸರಿಯಲು ಜಾಗ ಬೇಕು, ನನ್ನ ಕೋಣೆಯಲ್ಲಿ ಅದು ಕುಳಿತವರ ಕೆನ್ನೆಗೇ ತಾಗುವಂತಿತ್ತು. ಕೂಸುಗಳು ಕಣ್ಣು ಮುಚ್ಚಿ ಅತ್ತವು. "ಮುಂಚಿನ ಥರ ಬರ್ತಿಲ್ಲ ಸರ್" ಎಂದು ತಾಯಂದಿರು ಸಂಕೋಚದಿಂದ ಹೇಳಿದರು. ಹೇಳದವರು ಮತ್ತೆ ಬರಲಿಲ್ಲ. ಒಂದು ದಿನ ಸ್ಟುಡಿಯೋದ ಹೆಸರಿನ ಹಲಗೆ ಇಳಿಸಿದೆ.

ಕಳೆದ ಚಳಿಗಾಲದಲ್ಲಿ ಮಂಜುನಾಥನೇ ಮನೆಗೆ ಬಂದ. ತಾಯಿಗೆ ಎಂಬತ್ತು ತುಂಬುತ್ತಿದೆ, ದೊಡ್ಡದಾಗಿ ಹಾಕಿಸಲು ಒಂದು ಫೋಟೋ ಬೇಕು, ಮೊಬೈಲಿನಲ್ಲಿ ತೆಗೆದವು ಯಾವುವೂ ಅಮ್ಮನಿಗೆ ಒಪ್ಪಿಗೆಯಾಗುತ್ತಿಲ್ಲ, ನಿಮ್ಮ ಸ್ಟುಡಿಯೋದಲ್ಲೇ ಆಗಬೇಕೆಂದು ಹಟ ಹಿಡಿದಿದ್ದಾರೆ ಎಂದ. ನನ್ನ ಸ್ಟುಡಿಯೋ ಎಲ್ಲಿದೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಲಕ್ಷ್ಮಮ್ಮನವರೇ ಕೋಲೂರಿಕೊಂಡು ಬಂದು ಹಳೆಯ ಕುರ್ಚಿಯಲ್ಲಿ ಕುಳಿತರು. ಕಿಟಕಿಯತ್ತ ಮುಖ ತಿರುಗಿಸಿದರು.

"ಇದ್ಯಾಕೆ ಸ್ವಾಮಿ, ಇಷ್ಟು ಕತ್ಲು?"

ಮಂಜುನಾಥ ಮೊಬೈಲ್ ನೋಡುತ್ತಿದ್ದ. ಆಕೆಯೇ ಗ್ರಾನೈಟನ್ನು ನೋಡಿ, ಮಗನನ್ನು ನೋಡಿ, "ಹೋಗೋ, ಮೇಲ್ಗಡೆಯಿಂದ ಬಿಳೀ ಬೆಡ್‌ಶೀಟ್ ಇಳಿಬಿಡು. ನಿಮ್ಮಪ್ಪ ಇದ್ದಾಗ ಸ್ವಾಮಿ ಬಿಡ್ತಿದ್ರಲ್ಲ, ಹಂಗೆ" ಎಂದರು.

"ಅಮ್ಮಾ, ಯಾರಾದ್ರೂ ನೋಡಿದ್ರೆ..."

"ನೋಡ್ಲಿ ಹೋಗೋ."

ಗಂಜಿ ಹಾಕಿದ ಬಿಳಿ ಅಂಗಿಯ ಮಂಜುನಾಥ ತನ್ನ ಮೊದಲನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು, ತನ್ನ ಬೆಲೆಬಾಳುವ ಗ್ರಾನೈಟಿನ ಮೇಲೆ ಹಾಸು ಇಳಿಬಿಟ್ಟ. ಬಿಸಿಲು ಅದರ ಮೇಲೆ ಬಿದ್ದು ನನ್ನ ಕೋಣೆಗೆ ಬಂತು. ಲಕ್ಷ್ಮಮ್ಮನವರ ಮುಖದ ಒಂದೊಂದು ಗೆರೆಯೂ ಮೃದುವಾಗಿ ಕಂಡಿತು. ಬಾಗಿಲ ಬಳಿ ನಿಂತಿದ್ದ ನಾಗರತ್ನ ತಡೆಯಲಾರದೆ ಹಳೆಯ ದನಿಯಲ್ಲಿ ಕೂಗಿದಳು.

"ಲಕ್ಷ್ಮಮ್ಮೋ, ಸೀರೆ ತೆಗೀರಿ!"

ಆಕೆ ನಕ್ಕರು. ನಾನು ಗುಂಡಿ ಒತ್ತಿದೆ. ಅಷ್ಟರಲ್ಲಿ ಮೇಲೆ ಮಂಜುನಾಥನಿಗೆ ಯಾರದೋ ಕರೆ ಬಂದು, ಹಾಸು ಸರ್ರನೆ ಮೇಲಕ್ಕೆ ಹೋಯಿತು. ಕೋಣೆ ಮತ್ತೆ ಕಪ್ಪಾಯಿತು. ಆ ಕತ್ತಲಲ್ಲಿ ಲಕ್ಷ್ಮಮ್ಮನವರು ನಗು ನಿಲ್ಲಿಸಿ ಹೇಳಿದರು: "ಸೀರೆ ಎಲ್ಲಿದೆ ರತ್ನಮ್ಮ ತೆಗಿಯೋಕೆ? ಕಲ್ಲಿಗೆ ಮೊಳೆ ಹೊಡೀಬಾರ್ದು ಅಂತ ಹಗ್ಗಾನೇ ಕಟ್ಟೋಕ್ ಬಿಡಲ್ಲ ನನ್ ಮಗ. ಬಿಸಿಲು ಹಂಗೇ ಬಿದ್ದಿರ್ತದೆ, ಮಿಷನ್ನಾಗೆ ಒಣಗಿಸ್ತಾರೆ."

ಫೋಟೋ ಚೆನ್ನಾಗಿ ಬಂತು. ಕಟ್ಟು ಹಾಕಿಸಿ ಅವರ ಹಜಾರದಲ್ಲಿ ತೂಗುಹಾಕಿದ್ದಾರೆ. ಕೊಡುವಾಗ ನಾನು ಮಂಜುನಾಥನಿಗೆ, "ಒಂದು ಹಾಸಿನ ಬೆಳಕಿಗೆ ಇಷ್ಟಾಯ್ತು ನೋಡಪ್ಪ. ಆ ಒಂದು ಕಡೆ ಕಲ್ಲಿಗೆ ಬಿಳಿ ಬಳಿಸು, ಹಲಗೆ ಮತ್ತೆ ಏರಿಸ್ತೀನಿ" ಎಂದೆ. ಈ ವಯಸ್ಸಿನಲ್ಲಿ ಇನ್ನೊಬ್ಬರ ಮುಂದೆ ನಾನು ಬೇಡಿಕೊಂಡದ್ದು ಅದೊಂದನ್ನೇ.

"ಗ್ರಾನೈಟ್ ಮೇಲೆ ಯಾರಾದ್ರೂ ಬಣ್ಣ ಹೊಡೀತಾರಾ ಅಂಕಲ್? ನಗ್ತಾರೆ ಜನ. ಇನ್ನು ಈ ವಯಸ್ಸಲ್ಲಿ ನಿಮ್ಗ್ಯಾಕೆ ಇದೆಲ್ಲ. ನಿಮಗೊಂದು ಸನ್ಮಾನ ಇಡಿಸ್ತೀನಿ, ನೋಡ್ತಿರಿ."

ಹಾಗೆ ಬಂದದ್ದು ಆ ಸನ್ಮಾನ. ಶಾಲು ಹೊದಿಸಿದ ಮೇಲೆ ಮಂಜುನಾಥ, ಈ ಮಹನೀಯರ ಕಲೆಯನ್ನು ಮೊಬೈಲ್ ಎಂಬ ಮಾಯೆ ನುಂಗಿತು, ಕಾಲದ ಮುಂದೆ ಯಾರೇನು ಮಾಡಲಾದೀತು ಎಂದು ಗದ್ಗದಿತನಾಗಿ ಮಾತಾಡಿದ. ನನಗೂ ಮೈಕ್ ಕೊಟ್ಟರು. ಬರೆದುಕೊಂಡು ಹೋಗಿದ್ದ ವಂದನೆಯ ಮಾತುಗಳನ್ನು ಬಿಟ್ಟು, ಅವನ ಕಡೆ ತಿರುಗಿಯೇ ಹೇಳಿದೆ: "ನನ್ನ ಸ್ಟುಡಿಯೋ ಮೊಬೈಲಿನಿಂದ ಸಾಯಲಿಲ್ಲ. ಎದುರು ಮನೆಯ ಗೋಡೆ ಕಪ್ಪಾಯಿತು, ಅದಕ್ಕೆ ಸತ್ತಿತು."

ಮುಂದಿನ ಸಾಲಿನಲ್ಲಿದ್ದವರೊಬ್ಬರು "ವಾಹ್, ಎಂಥಾ ಕವಿಹೃದಯ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಜುನಾಥ ಎಲ್ಲರಿಗಿಂತ ಜೋರಾಗಿ ತಟ್ಟಿದ.